ಶಿಕ್ಷಕರಿಗೆ ಕಲಿಸುವವರಾರು?

ಒಂದರಿಂದ ಎಂಟನೆಯ ತರಗತಿಯವರೆಗೆ ಪಾಠ ಹೇಳುವ ಶಿಕ್ಷಕರು ಅರ್ಹತಾ ಪರೀಕ್ಷೆಯಲ್ಲಿ, ಅಂದರೆ ಟಿ.ಇ.ಟಿ.ಯಲ್ಲಿ, ಉತ್ತೀರ್ಣರಾಗಿರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ತೀರ್ಪಿತ್ತ ಮೇಲೆ ಮಹಾರಾಷ್ಟ್ರದ ಶಾಲೆಗಳ ಶಿಕ್ಷಕರ ಕೊಠಡಿಗಳಲ್ಲಿ ಬೇರೆ ಮಾತೇ ಇಲ್ಲವಾಗಿದೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿರುವವರು ಎರಡು ವರ್ಷಗಳೊಳಗೆ ಪರೀಕ್ಷೆ ದಾಟಬೇಕು, ಇಲ್ಲವೇ ಮನೆಗೆ ಹೋಗಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದವರಿಗೆ ಕೆಲಸ ಉಳಿಯುತ್ತದೆ, ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯಿಸಬೇಕೆ ಎಂಬ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠದ ಪರಿಶೀಲನೆಗೆ ಬಿಡಲಾಗಿದೆ. ಭಾಷಿಕ ಅಲ್ಪಸಂಖ್ಯಾತ ಮನ್ನಣೆ ಪಡೆದ ಕನ್ನಡ ಶಾಲೆಗಳು ಮುಂಬಯಿ ಪರಿಸರದಲ್ಲಿ ಇರುವುದರಿಂದ ಆ ಪ್ರಶ್ನೆ ನಮ್ಮ ಮನೆಬಾಗಿಲಿನದೂ ಹೌದು.

ಈ ತೀರ್ಪಿನ ಸುತ್ತ ಎದ್ದಿರುವ ಗದ್ದಲದಲ್ಲಿ ಎರಡು ಪಕ್ಷಗಳಿವೆ. ಪರೀಕ್ಷೆ ಬಂದರೆ ಶಿಕ್ಷಣದ ಗುಣಮಟ್ಟ ತಾನಾಗಿ ಏರುತ್ತದೆಂದು ಒಂದು ಪಕ್ಷ ನಂಬಿದೆ. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಪರೀಕ್ಷೆಯೇ ಅವಮಾನವೆಂದು ಇನ್ನೊಂದು ಪಕ್ಷ ಬೀದಿಗಿಳಿದಿದೆ. ಮೊದಲನೆಯವರು ಕಾಗದವನ್ನು ಅರ್ಹತೆಯೆಂದು ಎಣಿಸುತ್ತಾರೆ, ಎರಡನೆಯವರು ಸೇವಾವಧಿಯನ್ನು ಅನುಭವವೆಂದು ಎಣಿಸುತ್ತಾರೆ. ನಮಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಒಬ್ಬ ಯುವತಿ ಶಿಕ್ಷಕಿಯಾಗುವುದು ಎಲ್ಲಿ, ಯಾರ ಪಕ್ಕದಲ್ಲಿ, ಯಾವ ಭಾಷೆಯಲ್ಲಿ ಎಂಬುದನ್ನು ಈ ಎರಡು ಪಕ್ಷಗಳಲ್ಲಿ ಯಾರೂ ಕೇಳುತ್ತಿಲ್ಲ. ಕಲ್ಯಾಣ, ಡೊಂಬಿವಲಿ, ಠಾಣೆಗಳ ಕನ್ನಡಿಗರಾದ ನಾವು ಅದನ್ನು ಕೇಳದಿದ್ದರೆ ನಮ್ಮ ಪರವಾಗಿ ಕೇಳುವವರು ಮತ್ತಾರೂ ಇಲ್ಲ.

ಪರೀಕ್ಷೆಯೆಂದರೇನು ಎಂಬುದನ್ನು ಮೊದಲು ನೋಡೋಣ. ನೂರೈವತ್ತು ನಿಮಿಷ, ನೂರೈವತ್ತು ಬಹು ಆಯ್ಕೆಯ ಪ್ರಶ್ನೆ. ಶಿಶುವಿಕಾಸ, ಎರಡು ಭಾಷೆಗಳು, ಗಣಿತ, ಪರಿಸರ ಅಧ್ಯಯನ, ತಲಾ ಮೂವತ್ತು ಅಂಕ. ಶೇಕಡಾ ಅರವತ್ತು ಬಂದರೆ ಪಾಸು, ಮೀಸಲು ವರ್ಗಗಳಿಗೆ ಕೊಂಚ ರಿಯಾಯಿತಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಇದನ್ನು ಕಡ್ಡಾಯಗೊಳಿಸಿತು. ಓದುಬರಹ, ಲೆಕ್ಕ ಸರಿಯಾಗಿ ಬಾರದವರು ಮಕ್ಕಳ ಮುಂದೆ ನಿಲ್ಲಬಾರದೆಂಬ ಮಟ್ಟಿಗೆ ಈ ಜರಡಿಯ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜರಡಿ ಹಿಟ್ಟನ್ನು ಸೋಸುತ್ತದೆಯೇ ಹೊರತು ರೊಟ್ಟಿ ತಟ್ಟಿಕೊಡುವುದಿಲ್ಲ. ನಮ್ಮ ರಾಜ್ಯದಲ್ಲಿ ಜರಡಿಗೇ ತೂತು ಬಿದ್ದ ಕಥೆಯೂ ಇದೆ: 2021ರ ಡಿಸೆಂಬರಿನಲ್ಲಿ ಟಿ.ಇ.ಟಿ. ಅಂಕಗಳ ಅಕ್ರಮಕ್ಕಾಗಿ ರಾಜ್ಯ ಪರೀಕ್ಷಾ ಪರಿಷತ್ತಿನ ಮುಖ್ಯಸ್ಥರನ್ನೇ ಪೊಲೀಸರು ಬಂಧಿಸಿದರು. ಮರುವರ್ಷ ಏಳು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳನ್ನು ಅನರ್ಹಗೊಳಿಸಲಾಯಿತು.

ಪರೀಕ್ಷೆಗೆ ಮೊದಲಿನ ಮೆಟ್ಟಿಲು ತರಬೇತಿ ಕಾಲೇಜು. ಅದರ ಸ್ಥಿತಿಯನ್ನು ತಿಳಿಯಲು ಹೊರಗೆಲ್ಲೂ ಹೋಗಬೇಕಿಲ್ಲ. ಮಹಾರಾಷ್ಟ್ರದಲ್ಲಿ 291 ಡಿ.ಇಡಿ. ಕಾಲೇಜುಗಳಿಗೆ ಮನ್ನಣೆ ನೀಡುವ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದಾಗಲೇ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾದದ್ದು. ದೇಶದ ಶಿಕ್ಷಕ ತರಬೇತಿಗೆ ಸಂಬಂಧಿಸಿದ ಆ ಆಯೋಗದ ವರದಿ 2012ರಲ್ಲಿ ಬಂದಿತು. ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಖಾಸಗಿಯವರ ಕೈಯಲ್ಲಿವೆ, ಶಾಲೆಯ ನಿಜ ಬದುಕಿಗೂ ಅವುಗಳ ಪಾಠಕ್ಕೂ ನಂಟು ಕಡಿದಿದೆ ಎಂಬುದು ಅದರ ತಿರುಳು. ಬಳಿಕ 2014ರ ನಿಯಮಾವಳಿಯಲ್ಲಿ ಬಿ.ಇಡಿ. ಒಂದು ವರ್ಷದಿಂದ ಎರಡು ವರ್ಷವಾಯಿತು, ಶಾಲೆಯಲ್ಲಿ ಇಪ್ಪತ್ತು ವಾರಗಳ ಕಲಿಕೆ ಕಡ್ಡಾಯವಾಯಿತು. ನಿಯಮ ಚೆನ್ನಾಗಿದೆ. ಆದರೆ ಆ ಇಪ್ಪತ್ತು ವಾರಗಳಲ್ಲಿ ಪ್ರಶಿಕ್ಷಣಾರ್ಥಿ ಏನು ಮಾಡುತ್ತಾಳೆ ಎಂಬುದನ್ನು ಯಾವುದಾದರೂ ಶಾಲೆಯಲ್ಲಿ ಅರ್ಧ ದಿನ ಕುಳಿತು ನೋಡಿ. ರಜೆ ಹಾಕಿದ ಶಿಕ್ಷಕರ ತರಗತಿಯನ್ನು ಸದ್ದಾಗದಂತೆ ಕಾಯುತ್ತಾಳೆ, ಹಾಜರಿ ಪುಸ್ತಕ ಬರೆಯುತ್ತಾಳೆ, ಥರ್ಮಾಕೋಲಿನ ಸೌರಮಂಡಲ ಮಾಡುತ್ತಾಳೆ, ಪಾಠಯೋಜನೆಯನ್ನು ಹಿಂದಿನ ವರ್ಷದವರ ಕಡತದಿಂದ ಅಂದವಾಗಿ ನಕಲು ಮಾಡುತ್ತಾಳೆ. ಒಬ್ಬ ಹಿರಿಯ ಶಿಕ್ಷಕಿ ಪಕ್ಕದಲ್ಲಿ ಕುಳಿತು, "ಈ ಹುಡುಗ ಇಲ್ಲಿ ತಪ್ಪಿದ್ದು ಏಕೆ ಗೊತ್ತೆ?" ಎಂದು ಕೇಳುವ ಗಳಿಗೆ ಬರುವುದೇ ಇಲ್ಲ.

ನಾವಿರುವುದು ರೈಲ್ವೆಯ ಊರು. (ಬಸವಣ್ಣನ ಕಲ್ಯಾಣವಲ್ಲ, ಜಂಕ್ಷನ್ನಿನ ಕಲ್ಯಾಣ, ಊರಿನಿಂದ ಬಂದ ನೆಂಟರಿಗೆ ಇದನ್ನು ಹೇಳಿ ಹೇಳಿ ನಮಗೆ ಸಾಕಾಗಿದೆ.) ಇಲ್ಲಿಂದ ಹಳಿ ಕವಲೊಡೆದು ಒಂದು ಕಸಾರಾದ ಘಾಟಿಗೂ ಇನ್ನೊಂದು ಕರ್ಜತ್‌ನ ಘಾಟಿಗೂ ಏರುತ್ತದೆ. ಎಂಜಿನ್ ಓಡಿಸುವ ತರಬೇತಿ ಪೂರೈಸಿ ಪರೀಕ್ಷೆಯಲ್ಲಿ ಪಾಸಾದವನಿಗೂ ರೈಲ್ವೆ ಒಡನೆಯೇ ಹೊಸ ದಾರಿಯಲ್ಲಿ ಗಾಡಿಯನ್ನು ಒಪ್ಪಿಸುವುದಿಲ್ಲ. ಆ ದಾರಿ ಬಲ್ಲವನ ಜೊತೆ ಹಗಲೂ ಇರುಳೂ ಹಲವು ಸಲ ಓಡಾಡಿ, ಯಾವ ತಿರುವಿನಲ್ಲಿ ಯಾವ ಸಿಗ್ನಲ್, ಎಲ್ಲಿ ಇಳಿಜಾರು, ಎಲ್ಲಿ ಬ್ರೇಕು ಎಂಬುದನ್ನು ಕಣ್ಣಾರೆ ಕಲಿತು ಸಹಿ ಹಾಕಿದ ಮೇಲೆಯೇ ಅವನು ಒಂಟಿಯಾಗಿ ಹೊರಡಬಹುದು. ರೈಲ್ವೆಯವರು ಇದನ್ನು ರೋಡ್ ಲರ್ನಿಂಗ್ ಎನ್ನುತ್ತಾರೆ. ಎಂಜಿನ್ನಿನ ಜ್ಞಾನ ಬೇರೆ, ದಾರಿಯ ಜ್ಞಾನ ಬೇರೆ ಎಂಬ ವಿವೇಕ ಅದರ ಹಿಂದಿದೆ. ಅದೇ ಸರಕಾರ ಇಪ್ಪತ್ತೆರಡರ ಹುಡುಗಿಯನ್ನು ಜೂನ್ ತಿಂಗಳ ಒಂದು ಬೆಳಗ್ಗೆ ನಲವತ್ತು ಮಕ್ಕಳ ಮುಂದೆ ನಿಲ್ಲಿಸಿ, ಬಾಗಿಲು ಎಳೆದುಕೊಂಡು ಹೋಗುತ್ತದೆ.

ಆ ದಾರಿಯ ಜ್ಞಾನವೆಂದರೆ ಏನು? ಬರ್ನಾರ್ಡ್ ಶಾ 1903ರ ನಾಟಕವೊಂದರ ಜೊತೆಗೆ ಅಚ್ಚು ಮಾಡಿಸಿದ ಸೂಕ್ತಿಗಳಲ್ಲಿ ಶಿಕ್ಷಕರನ್ನು ಮಾಡಲು ಬಾರದೆ ಹೇಳಿಕೊಡುವ ಜನರೆಂದು ಚುಚ್ಚಿದ್ದ. ಅದಕ್ಕೆ ತಕ್ಕ ಉತ್ತರ ಬಂದದ್ದು 1986ರಲ್ಲಿ, ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ ಅವರಿಂದ. ವಿಷಯದ ಜ್ಞಾನವೂ ಅಲ್ಲದ, ಬರಿಯ ಬೋಧನಾತಂತ್ರವೂ ಅಲ್ಲದ ಮೂರನೆಯ ಬಗೆಯ ಜ್ಞಾನವೊಂದು ಶಿಕ್ಷಕರಲ್ಲಿದೆ, ಅದು ಈ ವಿಷಯವನ್ನು ಕಲಿಯುವಾಗ ಈ ಮಗು ಎಲ್ಲಿ ಎಡವುತ್ತದೆ ಎಂಬುದರ ಜ್ಞಾನ, ಎಂಬುದು ಅವರ ವಾದದ ಸಾರ. ಈ ಮಾತು ನಿಜವೋ ಅಲ್ಲವೋ ಎಂದು ಪರೀಕ್ಷಿಸಲು ನಮ್ಮ ಭಾಗದ ಕನ್ನಡ ತರಗತಿಗಿಂತ ಒಳ್ಳೆಯ ಜಾಗ ಸಿಗಲಾರದು.

ಇಲ್ಲಿನ ಮಗು ಮನೆಯಲ್ಲಿ ತುಳುವನ್ನೋ ಕಲಬುರಗಿಯ ಕನ್ನಡವನ್ನೋ ಆಡುತ್ತದೆ, ಮೆಟ್ಟಿಲಿನ ಮೇಲೆ ಮರಾಠಿ, ಆಟದ ಬಯಲಿನಲ್ಲಿ ಹಿಂದಿ, ಟ್ಯೂಷನ್ನಿನಲ್ಲಿ ಇಂಗ್ಲಿಷು. ಅದು ಕನ್ನಡ ಬರೆಯುವಾಗ "ಅಪ್ಪನಿಗೆ ರಾಗ ಬಂತು" ಎಂದು ಬರೆಯುತ್ತದೆ. ಧಾರವಾಡದಿಂದಲೋ ದಾವಣಗೆರೆಯಿಂದಲೋ ನಿನ್ನೆ ಬಂದ ಶಿಕ್ಷಕಿ ಅಪ್ಪ ಹಾಡುಗಾರನೆಂದು ತಿಳಿದಾಳು. ಮರಾಠಿಯಲ್ಲಿ ರಾಗವೆಂದರೆ ಸಿಟ್ಟು ಎಂಬುದು ಅವಳಿಗೆ ಗೊತ್ತಿಲ್ಲ. ಮಗು "ಬಸ್ಸು ಬಂದಳು" ಎನ್ನುತ್ತದೆ. ಅದು ದಡ್ಡತನವಲ್ಲ, ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ. ಹಿಂದಿಯಲ್ಲಿ ಉಪನ್ಯಾಸವೆಂದರೆ ಕಾದಂಬರಿ, ಅವಕಾಶವೆಂದರೆ ರಜೆ. ಶಿಕ್ಷೆಯೆಂಬ ಪದದ ಫಜೀತಿಯನ್ನಂತೂ ಕೇಳಬೇಡಿ: ಹಿಂದಿಯಲ್ಲಿ ಅದು ವಿದ್ಯೆ, ನಮ್ಮಲ್ಲೂ ಮರಾಠಿಯಲ್ಲೂ ದಂಡನೆ. ಶಾಲೆಯ ಗೋಡೆಯ ಮೇಲಿನ ಹಿಂದಿ ಘೋಷಣೆಯನ್ನು ಓದಿದ ಹುಡುಗ ಎಲ್ಲ ಮಕ್ಕಳಿಗೂ ಶಿಕ್ಷೆ ಕೊಡಬೇಕೆಂದು ಕನ್ನಡದಲ್ಲಿ ಬರೆದರೆ ಅವನನ್ನು ಬೈಯಲು ನಮಗೆ ಮನಸ್ಸು ಬಾರದು.

ಇನ್ನು ಲಿಪಿಯ ಕಡೆಗೆ ಬನ್ನಿ. ದೇವನಾಗರಿಯಲ್ಲಿ ಬರೆಯುವ ಮರಾಠಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಎಂಬ ಪ್ರತ್ಯೇಕ ಅಕ್ಷರಗಳಿಲ್ಲ. ಎರಡು ಲಿಪಿಗಳನ್ನು ಒಟ್ಟೊಟ್ಟಿಗೆ ಕಲಿಯುವ ಮಗುವಿಗೆ ಕೊಡು ಮತ್ತು ಕೋಡು, ಬೆಳೆ ಮತ್ತು ಬೇಳೆ ಒಂದೇ. ಕಿವಿಗೆ ಎರಡು, ಕೈಗೆ ಒಂದು. ಅಲ್ಲಿ ರೇಫ ಅಕ್ಷರದ ತಲೆಯ ಮೇಲೆ ಕೂರುತ್ತದೆ, ಇಲ್ಲಿ ಅರ್ಕಾವೊತ್ತು ಅಕ್ಷರದ ಹಿಂದೆ ನಿಲ್ಲುತ್ತದೆ. ಅಲ್ಲಿ ಸಂಯುಕ್ತಾಕ್ಷರದ ಮೊದಲ ವ್ಯಂಜನ ಅರ್ಧವಾಗುತ್ತದೆ, ಇಲ್ಲಿ ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ. ಹೀಗಾಗಿ ಮಗು ಒತ್ತನ್ನು ತಪ್ಪು ಅಕ್ಷರಕ್ಕೆ ಕೊಡುತ್ತದೆ. ಇಪ್ಪತ್ತೈದು ವರ್ಷ ಇಲ್ಲಿ ಪಾಠ ಹೇಳಿದ ಶಿಕ್ಷಕಿಗೆ ತಪ್ಪನ್ನು ನೋಡಿದ ಕೂಡಲೇ ಅದರ ಬೇರು ಕಾಣುತ್ತದೆ. ಅವರು ಮೂರನೆಯ ತರಗತಿಯಲ್ಲಿ ಎ-ಏಗಳನ್ನು ಹೇಳಿಕೊಡುವಾಗ ಮೊದಲು ಚಪ್ಪಾಳೆ ತಟ್ಟಿಸುತ್ತಾರೆ, ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಬಳಿಕವೇ ಬಳಪ. ಹೊಸಬರು ಅದೇ ತಪ್ಪನ್ನು ಕಂಡು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ "ಹತ್ತು ಸಲ ಬರೆ" ಎನ್ನುತ್ತಾರೆ. ಮಗು ತಪ್ಪನ್ನೇ ಹತ್ತು ಸಲ ಬರೆಯುತ್ತದೆ.

ಈ ಚಪ್ಪಾಳೆ ಯಾವ ಬಿ.ಇಡಿ. ಪುಸ್ತಕದಲ್ಲೂ ಇಲ್ಲ, ಟಿ.ಇ.ಟಿ.ಯ ನೂರೈವತ್ತು ಪ್ರಶ್ನೆಗಳಲ್ಲೂ ಇಲ್ಲ. ಕರ್ನಾಟಕದ ತರಬೇತಿ ಸಂಸ್ಥೆಗೆ ಈ ಮಗುವಿನ ಪರಿಚಯವಿಲ್ಲ, ಮಹಾರಾಷ್ಟ್ರದ ತರಬೇತಿ ಸಂಸ್ಥೆಗೆ ಈ ಭಾಷೆಯ ಪರಿಚಯವಿಲ್ಲ. ನಾವು ಬಲ್ಲ ಕನ್ನಡ ಶಿಕ್ಷಕಿಯರಲ್ಲಿ ಹೆಚ್ಚಿನವರು ಎರಡರಲ್ಲೊಂದು ಬಗೆಯವರು. ಊರಿನಲ್ಲಿ ಡಿ.ಇಡಿ. ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವರು ಕೆಲವರು. ಇಲ್ಲಿಯೇ ಹುಟ್ಟಿ, ಮರಾಠಿ ಅಥವಾ ಇಂಗ್ಲಿಷಿನಲ್ಲಿ ತರಬೇತಿ ಪಡೆದು, ಕನ್ನಡದಲ್ಲಿ ಪಾಠ ಹೇಳುತ್ತಿರುವವರು ಉಳಿದವರು. ಮಹಾರಾಷ್ಟ್ರ ಟಿ.ಇ.ಟಿ.ಯ ಭಾಷಾ ಆಯ್ಕೆಗಳಲ್ಲಿ ಕನ್ನಡಕ್ಕೆ ಸ್ಥಾನವಿದೆ, ಅದಕ್ಕೆ ನಾವು ಕೃತಜ್ಞರು. ಪರೀಕ್ಷೆಗೆ ಭಾಷೆ ಬೇಕು, ತರಬೇತಿಗೆ ಬೇಡ ಎಂಬ ತರ್ಕ ಮಾತ್ರ ನಮ್ಮ ತಲೆಗೆ ಹತ್ತುವುದಿಲ್ಲ.

ಇದು ಎಂದಿನಿಂದಲೂ ಹೀಗೆಯೇ ಇದ್ದದ್ದೂ ಅಲ್ಲ. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ ಕನ್ನಡ ಮಾಸ್ತರರನ್ನು ಕನ್ನಡದಲ್ಲಿಯೇ ತಯಾರು ಮಾಡುವ ನಾರ್ಮಲ್ ಶಾಲೆ, ಟ್ರೇನಿಂಗ್ ಕಾಲೇಜುಗಳು ನಿಂತವು. ಅವರಿಗಾಗಿಯೇ ಮಠಪತ್ರಿಕೆ ಎಂಬ ಪತ್ರಿಕೆ ಹೊರಡುತ್ತಿತ್ತು. ಶಾಲೆಯನ್ನು ಮಠವೆನ್ನುತ್ತಿದ್ದ ಕಾಲ ಅದು. ಮುಂದೆ ಅದೇ ಶಾಲಾಪತ್ರಿಕೆಯಾಯಿತು. ಗಳಗನಾಥರು, ಶಾಂತಕವಿಗಳು ಶಾಲಾ ಮಾಸ್ತರರಾಗಿದ್ದವರೆಂಬುದನ್ನು ಸಾಹಿತ್ಯಾಭಿಮಾನಿಗಳಾದ ನಾವು ಮರೆಯಬಾರದು. ಪರಕೀಯರ ಸರಕಾರವೊಂದು ಮುಂಬಯಿಯಲ್ಲಿ ಕುಳಿತು ಧಾರವಾಡದ ಕನ್ನಡ ಶಿಕ್ಷಕನಿಗೆ ಕನ್ನಡದಲ್ಲಿ ಕಸುಬು ಕಲಿಸಿತು. ಇಂದು ಮುಂಬಯಿಯ ಮಗ್ಗುಲಲ್ಲೇ ಇರುವ ಕನ್ನಡ ಶಿಕ್ಷಕಿಗೆ ಆ ಭಾಗ್ಯವಿಲ್ಲ.

ಭಾಷೆಯ ಪ್ರಶ್ನೆಯನ್ನು ಆಡಳಿತಗಾರರು ಎಷ್ಟು ಹಗುರವಾಗಿ ಕಾಣುತ್ತಾರೆಂಬುದಕ್ಕೆ ಗಡಿಯಲ್ಲಿ ಸಾಕ್ಷಿಗಳಿವೆ. ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನ ಕನ್ನಡ ಶಾಲೆಗಳಿಗೆ 2024ರಲ್ಲಿ ಮರಾಠಿ ಶಿಕ್ಷಕರನ್ನು ನೇಮಿಸಿದ್ದು ದೊಡ್ಡ ಸುದ್ದಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ಮಕ್ಕಳೂ ಪೋಷಕರೂ ಪ್ರತಿಭಟಿಸಬೇಕಾಯಿತು. ಆ ಶಿಕ್ಷಕರ ಬಳಿ ಪ್ರಮಾಣಪತ್ರಗಳಿಗೇನೂ ಕೊರತೆಯಿರಲಿಲ್ಲ, ಅವರನ್ನು ದೂರುವುದೂ ತರವಲ್ಲ. ಮಕ್ಕಳ ಮಾತು ಅರ್ಥವಾಗದವರನ್ನು ಆ ಮಕ್ಕಳ ಮುಂದೆ ನಿಲ್ಲಿಸಿದ ಕಡತಕ್ಕೆ ಸಹಿ ಹಾಕಿದವರು ಉತ್ತರ ಹೇಳಬೇಕು.

ಕಸುಬು ಕಲಿಯುವ ಮೊದಲ ವರ್ಷಗಳನ್ನು ನಮ್ಮ ರಾಜ್ಯ ಹೇಗೆ ನಡೆಸಿಕೊಳ್ಳುತ್ತದೆ ನೋಡಿ. 2000ದ ಇಸವಿಯಲ್ಲಿ ಶಿಕ್ಷಣ ಸೇವಕರೆಂಬ ಹೊಸ ಜಾತಿಯೊಂದು ಹುಟ್ಟಿತು. ನೇಮಕವಾದವರು ಮೊದಲ ಮೂರು ವರ್ಷ ಶಿಕ್ಷಕರಲ್ಲ, ಸೇವಕರು. ವೇತನವಿಲ್ಲ, ಮಾನಧನ. ಪ್ರಾಥಮಿಕಕ್ಕೆ ಆರಂಭದಲ್ಲಿ ತಿಂಗಳಿಗೆ 3000 ರೂಪಾಯಿ, ಅನಂತರ ಬಹುಕಾಲ 6000. ನ್ಯಾಯಾಲಯದ ಮೆಟ್ಟಿಲು ಹತ್ತಿಳಿದ ಬಳಿಕ 2023ರಲ್ಲಿ 16000 ಆಯಿತು. ಈ ಮೂರು ವರ್ಷಗಳನ್ನು ಕಲಿಕೆಯ ಅವಧಿಯೆಂದು ಕರೆದು, ಪಾಠದ ಹೊರೆಯನ್ನು ಇಳಿಸಿ, ಹಿರಿಯರೊಬ್ಬರನ್ನು ಜೊತೆಗೆ ಕೊಟ್ಟಿದ್ದರೆ ಕಡಿಮೆ ಹಣವನ್ನೂ ಹೇಗೋ ಸಮರ್ಥಿಸಬಹುದಿತ್ತು. ಆದದ್ದು ಬೇರೆ: ಪೂರ್ತಿ ತರಗತಿ, ಪೂರ್ತಿ ಜವಾಬ್ದಾರಿ, ಅರೆಹೊಟ್ಟೆ. ಹೊಸಬರೆಂದು ಮತದಾರರ ಪಟ್ಟಿಯ ಕೆಲಸವೂ ಮೊದಲು ಅವರಿಗೇ. ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳನ್ನು ಬಿಟ್ಟು ಬೇರಾವ ಹೊರಗೆಲಸಕ್ಕೂ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಆ ಮೂರು ಹೊರತುಗಳ ಕಿಂಡಿಯಲ್ಲಿ ಆನೆಯೇ ನುಸುಳಬಹುದು. ಅನುದಾನವಿಲ್ಲದ ಖಾಸಗಿ ಶಾಲೆಗಳ ಮಾತು ಎತ್ತದಿರುವುದೇ ಲೇಸು. ಅಲ್ಲಿ ಮೂರನೆಯ ವರ್ಷಕ್ಕೆ ಶಿಕ್ಷಕಿ ಕಸುಬು ಕಲಿತು ಸಂಬಳ ಕೇಳುವ ಹೊತ್ತಿಗೆ ಹೊಸಬಳೊಬ್ಬಳು ಅರ್ಧ ಹಣಕ್ಕೆ ಬಾಗಿಲಲ್ಲಿ ನಿಂತಿರುತ್ತಾಳೆ. ಅನುಭವ ಅಲ್ಲಿ ಖರ್ಚಿನ ಬಾಬತ್ತು.

ಗಳಿಸಿದ ಅನುಭವವನ್ನು ತಿಪ್ಪೆಗೆ ಎಸೆದ ಉದಾಹರಣೆಯೂ ನಮ್ಮ ಕಣ್ಣೆದುರಿಗೇ ಇದೆ. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ರಾತ್ರಿ ಶಾಲೆಗಳದ್ದು ದೊಡ್ಡ ಅಧ್ಯಾಯ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮುಂತಾದ ಸಂಸ್ಥೆಗಳು ನಡೆಸಿದ ಆ ಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನ ಮೇಜು ಒರೆಸಿದ ಹುಡುಗರು ರಾತ್ರಿ ಅಕ್ಷರ ಕಲಿತು ಮುಂದೆ ಬ್ಯಾಂಕು, ಕಚೇರಿ, ಸ್ವಂತ ಹೋಟೆಲುಗಳವರೆಗೆ ಬೆಳೆದರು. ದಣಿದು ತೂಕಡಿಸುವ ಹದಿನಾರರ ಹುಡುಗನಿಗೆ ರಾತ್ರಿ ಎಂಟು ಗಂಟೆಗೆ ಬೀಜಗಣಿತ ಹೇಳುವುದು ಹಗಲು ಶಾಲೆಯ ಬೋಧನೆಗಿಂತ ಬೇರೆಯದೇ ವಿದ್ಯೆ. ಹಗಲು ಒಂದು ಶಾಲೆಯಲ್ಲಿ, ರಾತ್ರಿ ಇನ್ನೊಂದರಲ್ಲಿ ದುಡಿದು ಆ ವಿದ್ಯೆಯನ್ನು ಕರಗತ ಮಾಡಿಕೊಂಡವರಿದ್ದರು. 2017ರ ಮೇ ತಿಂಗಳಲ್ಲಿ ಹೊರಟ ಸರಕಾರಿ ಆದೇಶವೊಂದು ಇಬ್ಬಗೆಯ ನೌಕರಿಯ ನೆಪದಲ್ಲಿ ರಾಜ್ಯದ ರಾತ್ರಿ ಶಾಲೆಗಳಿಂದ ಅಂಥವರನ್ನು ಹೊರಗೆ ಕಳುಹಿಸಿತು. ಹೆಚ್ಚುವರಿಯಾದ ಶಿಕ್ಷಕರನ್ನು ಅಲ್ಲಿ ತುಂಬಿದರೆ ಆಯಿತೆಂಬುದು ಲೆಕ್ಕ. ಲೆಕ್ಕದಲ್ಲಿ ಶಿಕ್ಷಕನೆಂದರೆ ಶಿಕ್ಷಕ, ಒಬ್ಬನ ಬದಲು ಇನ್ನೊಬ್ಬ, ಬಲ್ಬು ಬದಲಾಯಿಸಿದಂತೆ.

ಸೇವೆಯಲ್ಲಿರುವವರಿಗೂ ತರಬೇತಿಯಿದೆಯಲ್ಲ ಎಂದು ಯಾರಾದರೂ ಹೇಳಬಹುದು. ಇದೆ. 2019ರಲ್ಲಿ ನಿಷ್ಠಾ ಎಂಬ ಯೋಜನೆ 42 ಲಕ್ಷ ಶಿಕ್ಷಕರನ್ನು ತಲುಪುವ ಗುರಿಯೊಂದಿಗೆ ಹೊರಟಿತು, ಮರುವರ್ಷ ಪರದೆಯ ಮೇಲೆ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ತರಬೇತಿಯನ್ನು ಬಯಸುತ್ತದೆ. ಪರದೆಯ ತರಬೇತಿ ಎಂಥದೆಂಬುದು ಕೇಂದ್ರ ಸರಕಾರದ ನೌಕರಿಯಲ್ಲಿರುವ ನಮ್ಮಂಥವರಿಗೆ ಕರ್ಮಯೋಗಿ ಜಾಲತಾಣದ ಕೃಪೆಯಿಂದ ಚೆನ್ನಾಗಿ ಗೊತ್ತು. ವಿಡಿಯೋ ತನ್ನ ಪಾಡಿಗೆ ಓಡುತ್ತಿರುತ್ತದೆ, ಕಡತ ತನ್ನ ಪಾಡಿಗೆ ಸಾಗುತ್ತಿರುತ್ತದೆ, ಕೊನೆಯಲ್ಲಿ ಐದು ಪ್ರಶ್ನೆ, ಒಂದು ಪ್ರಮಾಣಪತ್ರ. ಕಡತ ವಿಲೇವಾರಿಗೆ ಅಷ್ಟು ಸಾಕಾದೀತು. ಬೆಳೆಯನ್ನೂ ಬೇಳೆಯನ್ನೂ ಒಂದೇ ಎಂದು ಬರೆಯುವ ಮಗುವಿಗೆ ಸಾಲದು.

ಒಳ್ಳೆಯ ಶಿಕ್ಷಕರು ಹುಟ್ಟುತ್ತಾರೆ, ಅವರನ್ನು ತಯಾರಿಸಲಾಗದು ಎಂಬ ಮಾತನ್ನು ನಮ್ಮ ಸನ್ಮಾನ ಸಮಾರಂಭಗಳಲ್ಲಿ ಪ್ರತಿ ಸೆಪ್ಟೆಂಬರಿನಲ್ಲೂ ಕೇಳುತ್ತೇವೆ. ಕೇಳಲು ಇಂಪಾದ ಈ ಮಾತು ಬಹಳ ಅನುಕೂಲದ ಮಾತೂ ಹೌದು. ಶಿಕ್ಷಕರು ಹುಟ್ಟುವುದಾದರೆ ಅವರ ಕಲಿಕೆಗೆ ಯಾರೂ ಹಣ ಹಾಕಬೇಕಿಲ್ಲ. ಹುಟ್ಟು ಶಸ್ತ್ರವೈದ್ಯನ ಕೈಗೆ ಹೊಟ್ಟೆ ಕೊಡಲು ಈ ಮಾತು ಹೇಳುವವರಲ್ಲಿ ಒಬ್ಬರಾದರೂ ಒಪ್ಪುವರೆ? ಶಾಲು, ಹಣ್ಣುಬುಟ್ಟಿ, ಫಲಕಗಳಿಗೆ ನಮ್ಮ ಸಂಘಗಳಲ್ಲಿ ಎಂದೂ ಕೊರತೆಯಾದದ್ದಿಲ್ಲ. ಯಕ್ಷಗಾನಕ್ಕೆ ಮೇಳ ಕರೆಸುತ್ತಾರೆ, ಊರಿನಿಂದ ಅತಿಥಿಗಳನ್ನು ಕರೆಸಿ ವಸತಿ ಕೊಡುತ್ತಾರೆ. ಅದೆಲ್ಲ ಬೇಡವೆಂದು ನಾವು ಹೇಳುವುದಿಲ್ಲ, ನಾವೂ ಮುಂದಿನ ಸಾಲಿನಲ್ಲಿ ಕೂರುವವರೇ. ಆದರೆ ಇಪ್ಪತ್ತೈದು, ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಶಿಕ್ಷಕಿಗೆ ಶಾಲು ಹೊದೆಸಿ ಮನೆಗೆ ಕಳುಹಿಸಿದ ದಿನವೇ ಅವರ ಚಪ್ಪಾಳೆಯ ವಿದ್ಯೆಯೂ ಶಾಲೆಯಿಂದ ಹೊರಗೆ ಹೋಗುತ್ತದೆ. ಯಾರೂ ಬರೆದುಕೊಂಡಿಲ್ಲ, ಯಾರೂ ಕೇಳಿಲ್ಲ.

ಕರ್ನಾಟಕ ಸರಕಾರ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ಇಟ್ಟುಕೊಂಡಿದೆ. ಕಟ್ಟಡ, ಸಭಾಭವನಗಳ ಜೊತೆಗೆ ಹೊರನಾಡಿನ ಕನ್ನಡ ಶಿಕ್ಷಕರ ಮೊದಲ ವರ್ಷದ ಕಲಿಕೆಯನ್ನೂ ಅದು ತನ್ನ ಕೆಲಸವೆಂದು ತಿಳಿಯಬೇಕು. ಮಹಾರಾಷ್ಟ್ರ ಸರಕಾರ ಶಿಕ್ಷಣ ಸೇವಕರ ಮೂರು ವರ್ಷಗಳಲ್ಲಿ ಮೊದಲನೆಯದನ್ನಾದರೂ ಅರ್ಧ ಪಾಠ, ಅರ್ಧ ಕಲಿಕೆಯ ವರ್ಷವಾಗಿಸಬೇಕು, ಪೂರ್ತಿ ಸಂಬಳದೊಂದಿಗೆ. ಈ ಎರಡೂ ನಾಳೆಯೇ ಆಗುವ ಕೆಲಸಗಳಲ್ಲವೆಂಬುದು ಕಚೇರಿಯ ಒಳಗನ್ನು ಬಲ್ಲ ನಮಗೆ ಗೊತ್ತು. ಆದರೆ ಸಂಘಗಳು ಮಾಡಬಹುದಾದದ್ದಕ್ಕೆ ಯಾವ ಆದೇಶವೂ ಬೇಕಿಲ್ಲ.

ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಸಂಸ್ಥೆ ಕನ್ನಡಿಗರ ಕೈಯಲ್ಲೇ ಬೆಳೆದು ನಿಂತಿದೆ. ಶಾಲೆ ಕಟ್ಟಬಲ್ಲ ಜನಕ್ಕೆ ತಿಂಗಳಲ್ಲಿ ಎರಡು ಭಾನುವಾರ ಬೆಳಗಿನ ಹೊತ್ತು ಒಂದು ಕೊಠಡಿ ತೆರೆದಿಡುವುದು ಭಾರವಲ್ಲ. ಕಲ್ಯಾಣದಿಂದ ಠಾಣೆಯವರೆಗೆ, ನವಿ ಮುಂಬಯಿಯನ್ನೂ ಸೇರಿಸಿ, ನಿವೃತ್ತ ಕನ್ನಡ ಶಿಕ್ಷಕರ ಪಟ್ಟಿ ಮಾಡಬೇಕು. ಒಬ್ಬೊಬ್ಬ ಹೊಸ ಶಿಕ್ಷಕಿಯ ಜೊತೆ ಒಬ್ಬೊಬ್ಬರನ್ನು ಒಂದು ವರ್ಷ ಕೂರಿಸಬೇಕು. ಹಿರಿಯರಿಗೆ ಓಡಾಟದ ಖರ್ಚು, ಹೊಸಬರಿಗೆ ಒಂದಿಷ್ಟು ಗೌರವಧನ. ಒಂದು ವಾರ್ಷಿಕೋತ್ಸವದ ಮಂಟಪದ ಖರ್ಚಿನಲ್ಲಿ ಇದು ನಡೆದೀತು. ಭಾಷಣ ಬೇಡ, ಉದ್ಘಾಟನೆ ಬೇಡ. ಮಕ್ಕಳ ಬರಹದ ಪುಸ್ತಕಗಳನ್ನೇ ಮೇಜಿನ ಮೇಲೆ ತೆರೆದಿಟ್ಟು, ತಪ್ಪುಗಳನ್ನು ಒಂದೊಂದಾಗಿ ಓದಿ, ಅದು ಎಲ್ಲಿಂದ ಬಂತು, ನೀವು ಹೇಗೆ ತಿದ್ದಿದಿರಿ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು. ಬರೆದದ್ದನ್ನು ಅಚ್ಚು ಮಾಡಿ ಸೊಲ್ಲಾಪುರ, ಜತ್, ಅಕ್ಕಲಕೋಟೆಗಳಿಗೂ ಕಳುಹಿಸಬಹುದು. ಮೊದಲ ಭಾನುವಾರಕ್ಕೆ ಹ್ರಸ್ವ ಎ, ದೀರ್ಘ ಏ ಸಾಕು. ಎರಡನೆಯದಕ್ಕೆ ಅರ್ಕಾವೊತ್ತು.